ತಂತಿಯ ಶ್ರುತಿ

ಅಂಬಾಲ
ಜನವರಿ ೧೯೫೧

ಪ್ರೀತಿಯ ಪಪ್ಪಾ,

ಕುಂಬಳೆ ಸ್ಟೇಷನ್ನಿನಲ್ಲಿ ನೀವು ಕೊಟ್ಟ ತೆಂಗಿನೆಣ್ಣೆ ಇಲ್ಲಿನ ಚಳಿಗೆ ಬಾಟಲಿಯಲ್ಲೇ ಕಲ್ಲಾಗಿದೆ. ವಿಮಾನಕ್ಕೆ ಮಾತ್ರ ಈ ಚಳಿ ಹಬ್ಬ. ತಣ್ಣನೆಯ ಗಾಳಿ ದಟ್ಟವಾದ್ದರಿಂದ ರೆಕ್ಕೆಗೂ ಇಂಜಿನ್ನಿಗೂ ಬಲ ಹೆಚ್ಚು, ಸರ್ರನೆ ಏರುತ್ತದೆ.

ನಿನ್ನೆ ವಿಮಾನ ಹಾರಿಸುವ ಲೈಸೆನ್ಸಿಗೆ ನನ್ನ ಪರೀಕ್ಷೆ. ಒಬ್ಬಳೇ ಮೇಲಿದ್ದಾಗ ವೇಗ ತೋರಿಸುವ ಮುಳ್ಳು ಸೊನ್ನೆಗೆ ಬಿತ್ತು. ವೇಗ ಅಳೆಯಲೆಂದು ಗಾಳಿ ಹೊಗುವ ಕೊಳವೆಯ ಬಾಯಿಗೆ ಮಂಜುಗಡ್ಡೆ ಕಟ್ಟಿತ್ತು. ಇಳಿಯುವಾಗ ವೇಗ ತೀರಾ ಕಡಿಮೆಯಾದರೆ ವಿಮಾನ ಬಿದ್ದೇ ಹೋಗುತ್ತದೆ.

ಇಂಜಿನ್ನಿನ ಸದ್ದು ತಗ್ಗಿಸಿದೆ. ಮೇಲಿನ, ಕೆಳಗಿನ ರೆಕ್ಕೆಗಳ ನಡುವೆ ಬಿಗಿದ ತಂತಿಗಳು ಗಾಳಿಗೆ ಹಾಡುತ್ತಿದ್ದವು. ಸರಿಯಾದ ವೇಗದಲ್ಲಿ ಅವು ಇಗರ್ಜಿಯಲ್ಲಿ ನೀವು ಪಿಟೀಲಿನಲ್ಲಿ ಹಿಡಿಯುವ ಶ್ರುತಿಯಲ್ಲೇ ಹಾಡುತ್ತವೆಂದು ಮೊದಲೇ ಗಮನಿಸಿದ್ದೆ. ನಮ್ಮ ಕೀರ್ತನೆಯನ್ನು ಗಟ್ಟಿಯಾಗಿ ಹಾಡುತ್ತಲೇ ಇಳಿದೆ. ತಂತಿಯ ಸ್ವರ ತಗ್ಗಿದಾಗಲೆಲ್ಲ ನಿಮ್ಮ ಬೈಗುಳ ಕೇಳಿಸಿತು: "ಎಂತ ಹಿಲ್ಡಾ, ಶ್ರುತಿ ಬಿಡ್ಬೇಡ ಮಾರಾಯ್ತಿ!" ಕೂಡಲೇ ವಿಮಾನದ ಮೂತಿ ಬಗ್ಗಿಸಿ ವೇಗ ಕೂಡಿಸಿದೆ. ಚಕ್ರಗಳು ನೆಲ ಮುಟ್ಟಿದ್ದೇ ಗೊತ್ತಾಗಲಿಲ್ಲ.

ಪಾಸಾದೆ ಪಪ್ಪಾ! ಪರೀಕ್ಷಕರು ಓಡಿ ಬಂದು ಕೈ ಕುಲುಕಿದರು.

ಮಮ್ಮಿಯ ಹತ್ತಿರ ಒಂದು ಉಣ್ಣೆಯ ಟೊಪ್ಪಿ ಹೆಣೆಸಿ ಕಳುಹಿಸಿ. ಕಿವಿ ಮಾತ್ರ ಮುಚ್ಚಬಾರದು.

ನೀವು ಗಾಯನ ಮಂಡಳಿಯಿಂದ ಹೊರಗೆ ಹಾಕಿದ ಮಗಳು,
ಹಿಲ್ಡಾ