ನನ್ನ ಲಿವರ್, ನನ್ನ ಇಷ್ಟ

೧೪ ಜೂನ್ ೧೯೪೩, ಸೋಮವಾರ. ಬೆಳಿಗ್ಗೆ ೭
ಎದ್ದೆ. ವಾಂತಿ. ಬರೀ ಹಳದಿ ನೀರು. ಹಿತ್ತಲಲ್ಲಿ ಕೂತು ಮುಗಿಸಿ ಬಾಯಿ ತೊಳೆದೆ. ಸಂಧ್ಯಾವಂದನೆ ಬಿಟ್ಟು ಎಷ್ಟೋ ವರ್ಷವಾಯಿತು. ಇದನ್ನು ಮಾತ್ರ ಒಂದು ದಿನವೂ ತಪ್ಪಿಸಿಲ್ಲ.

ಕೈ ನಡುಗುತ್ತಿದೆ. ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಇರಲಿ. ಡಿಸ್ಪೆನ್ಸರಿಗೆ ಹೋಗಿ, ಡಾಕ್ಟರು ಬರುವ ಮೊದಲು ಒಂದು ಔನ್ಸ್ ಸ್ಪಿರಿಟ್, ಎರಡು ಔನ್ಸ್ ನೀರು. ಐದು ನಿಮಿಷ. ಆಮೇಲೆ ಇಡೀ ಮಳವಳ್ಳಿಯಲ್ಲಿ ಇಷ್ಟು ಸ್ಥಿರವಾದ ಕೈ ಇನ್ನೊಂದಿಲ್ಲ.

ಪಂಕಜ ಕಾಫಿ ತಂದಿಟ್ಟಳು.
"ಏನೂಂದ್ರೆ, ಕನ್ನಡಿ ನೋಡ್ಕೊಂಡ್ರಾ?"
"ದಿನಾ ನೋಡ್ತೀನಿ."
"ಕಣ್ಣು ನೋಡ್ಕೊಂಡ್ರಾ?"
ಬೆಳಕು ಸರಿಯಿಲ್ಲ, ಅದಕ್ಕೇ ಹಳದಿ ಕಾಣುತ್ತೆ ಅಂದೆ. ಒಳಗೆ ಹೋದಳು.

ಮದುವೆಯಾಗಿ ಮೂರು ವರ್ಷ. ನನಗೆ ಇಪ್ಪತ್ತಾರು. ಕಾಂಪೌಂಡರ್ ಆಗಿ ಆರು. ದಿನಕ್ಕೆ ಹತ್ತು ಬಾಟಲು ಲಿವರ್ ಮಿಕ್ಸ್ಚರ್ ಕಲಸುವವನಿಗೆ ಲಿವರ್ ಯಾವ ಪಕ್ಕೆಯಲ್ಲಿದೆ ಅಂತ ಇವಳು ಹೇಳಿಕೊಡಬೇಕೆ?

೧೭ ಜೂನ್
ಸಂಜೆ ಬೆಳಕವಾಡಿ ರಸ್ತೆಯ ಹೆಂಡದಂಗಡಿ. ಎಂದಿನ ಮೂವರು — ನಾನು, ತಾಲ್ಲೂಕು ಕಚೇರಿ ಜವಾನ ಮಾದಯ್ಯ, ಇದ್ದಿಲು ವ್ಯಾಪಾರದ ದೊಡ್ಡಸಿದ್ದಯ್ಯ. ಯುದ್ಧ ಬಂದು ಪೆಟ್ರೋಲು ಹೋದಮೇಲೆ ಬಸ್ಸೆಲ್ಲ ಇದ್ದಿಲ ಮೇಲೆ ಓಡುತ್ತಿವೆ. ಮುತ್ತತ್ತಿ ಕಾಡಿನ ಕಡೆಯಿಂದ ಇದ್ದಿಲು ತಂದುಹಾಕುವವನು ದೊಡ್ಡಸಿದ್ದಯ್ಯ. ಹೆಗಲಿಗೊಂದರಂತೆ ಎರಡು ಮೂಟೆ ಒಟ್ಟಿಗೆ ಏರಿಸುವ ಆಳು. ಇಪ್ಪತ್ತೊಂಬತ್ತು ವರ್ಷ.

ಈಗ ಹೊಟ್ಟೆ ಮದ್ದಳೆಯಂತೆ ಬಿಗಿದಿದೆ. ಪಾದ ಊದಿದೆ. ಒತ್ತಿದರೆ ಬೆರಳಿನ ಗುಳಿ ಹಾಗೇ ಉಳಿಯುತ್ತದೆ.

"ರೇಷನ್ ಅಕ್ಕಿ ಸಿಕ್ದೆ ಊರೆಲ್ಲ ಸಣ್ಣಗಾಯ್ತಾವ್ರೆ, ನಾನೊಬ್ಬ ದಪ್ಪ ಆಯ್ತಿವ್ನಿ ನೋಡ್ರಲಾ!" ಅಂದ. ಮಾದಯ್ಯ ನಕ್ಕು ನಕ್ಕು ಕೆಮ್ಮಿದ. ನಾನೂ ನಕ್ಕೆ. ಅದು ಏನೆಂದು ನನಗೆ ಗೊತ್ತು. ಆದರೂ ನಕ್ಕೆ.

೩ ಜುಲೈ
ಇವತ್ತು ದೊಡ್ಡಸಿದ್ದಯ್ಯನ ಹೊಟ್ಟೆಯಿಂದ ನೀರು ತೆಗೆದರು. ಡಾಕ್ಟರು ಚುಚ್ಚಿದರು, ಬೇಸಿನ್ ಹಿಡಿದವನು ನಾನು. ಒಣಹುಲ್ಲಿನ ಬಣ್ಣದ ನೀರು. ಮೂರು ಬೇಸಿನ್ ತುಂಬಿತು.

"ಬಟ್ಟೇಲಿ ಸೋಸಿಡಿ ಕಾಂಪೌಂಡ್ರೇ, ಇನ್ನೊಂದ್ಕಿತ ಕುಡೀತೀನಿ" ಅಂದ, ಮಲಗಿದಲ್ಲೇ. ಡಾಕ್ಟರು ನಗಲಿಲ್ಲ.

ಅವನು ಹೋದಮೇಲೆ ಬೇಸಿನ್ ತೊಳೆಯುತ್ತಿದ್ದೆ. ಹಿಂದಿನಿಂದ ಡಾಕ್ಟರು, "ಚಲುವನಾರಾಯಣ, ಅದನ್ನ ಇಟ್ಟು ಟೇಬಲ್ ಮೇಲೆ ಮಲಗು."
"ನನಗೇನಾಗಿದೆ ಸಾರ್?"
"ಮಲಗು."
ಬಲ ಪಕ್ಕೆ ಕೆಳಗೆ ಒತ್ತಿದರು. ಉಸಿರೆಳಿ ಅಂದರು. ಎಳೆದೆ. ನೋವು. ಮುಖದಲ್ಲಿ ತೋರಿಸಲಿಲ್ಲ.
"ಲಿವರ್ ಮೂರು ಬೆರಳು ಕೆಳಗೆ ಬಂದಿದೆ. ಎಷ್ಟು ವರ್ಷದಿಂದ ಕುಡೀತಿದ್ದೀಯ?"
"ಹದಿನೆಂಟರಿಂದ."
"ದಿನಾ?"
ಎದ್ದು ಕೂತು ಅಂಗಿ ಗುಂಡಿ ಹಾಕಿಕೊಂಡೆ.
"ಈಗ ಬಿಟ್ರೆ ಸ್ವಲ್ಪ ಹಿಂದಕ್ಕೆ ಬರಬಹುದು. ಬಿಡದಿದ್ರೆ ಅವನು ಮಲಗಿದ ಟೇಬಲ್ಲೇ ನಿನಗೂ. ಆದರೆ ಒಬ್ಬನೇ ಮನೇಲಿ ಕೂತು ಒಂದೇ ದಿನಕ್ಕೆ ನಿಲ್ಲಿಸೋಕೆ ಹೋಗಬೇಡ. ಅದೂ ಪ್ರಾಣಕ್ಕೆ ಬರುತ್ತೆ. ನನಗೆ ಹೇಳು."
"ಅವನು ಊಟ ಸರಿಯಾಗಿ ಮಾಡಲ್ಲ ಸಾರ್. ನಾನು ಮಾಡ್ತೀನಿ."
ಕೈ ತೊಳೆದುಕೊಂಡು ಹೋದರು.

ಹೆದರಿಸುವುದು ಡಾಕ್ಟರ ಕೆಲಸ. ಲಿವರ್ ನನ್ನದು. ಊದಲಿ, ಒಣಗಲಿ, ಯಾರಪ್ಪನ ಗಂಟು ಹೋಗಬೇಕು?

೧೯ ಜುಲೈ
ಮಾವ ಮದ್ದೂರಿನಿಂದ ಬಂದಿದ್ದರು. ನಿನ್ನೆ ರಾತ್ರಿ ಊಟಕ್ಕೆ ಅವರ ಪಕ್ಕ ಕೂತದ್ದು ನೆನಪಿದೆ. ಎದ್ದದ್ದು ನೆನಪಿಲ್ಲ. ಸಾರನ್ನ ಕಲಸಿದ ಎಲೆಯ ಮೇಲೇ ಮುಖವಿಟ್ಟು ನಿದ್ದೆ ಮಾಡಿದೆನಂತೆ.

ಬೆಳಿಗ್ಗೆ ಪಂಕಜ ಟ್ರಂಕು ಹಿಡಿದು ನಡುಮನೆಯಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಏನಾದರೂ ಹೇಳುತ್ತಿದ್ದೆನೋ ಏನೋ.
"ನಾನು ವಿಧವೆ ಆಗೋದನ್ನ ಇಲ್ಲಿ ಕೂತು ನೋಡಲ್ಲ. ಅಲ್ಲಿಗೇ ಕಾಗದ ಬರಲಿ."
"ಹೋಗು. ಟ್ರಂಕು ಭಾರ ಇದ್ರೆ ಆಳು ಕರೀತೀನಿ" ಅಂದೆ.
ಆಳು ಬೇಕಾಗಲಿಲ್ಲ. ತಾನೇ ಎತ್ತಿಕೊಂಡಳು.

೨೦ ಜುಲೈ
ಮನೆ ನಿಶ್ಶಬ್ದ. ಒಳ್ಳೆಯದೇ. ಬಾಟಲು ಬಚ್ಚಿಡುವ ತಾಪತ್ರಯ ತಪ್ಪಿತು.

೩೦ ಆಗಸ್ಟ್
ಬಹಳ ದಿನ ಬರೆದಿಲ್ಲ. ಬರೆಯಲು ಕೂತರೆ ಪೆನ್ನು ನಿಲ್ಲುವುದಿಲ್ಲ. ಈಗ ಎರಡು ಗುಟುಕು ಹಾಕಿಕೊಂಡು ಕೂತಿದ್ದೇನೆ.

ದೊಡ್ಡಸಿದ್ದಯ್ಯ ಹೋದ. ನಿನ್ನೆ ರಕ್ತ ಕಾರಿಕೊಂಡನಂತೆ. ಆಮೇಲೆ ಮಂಪರು. ಹೆಂಡತಿ ಕೂಗಿದರೆ ಯಾರು ನೀನು ಅಂದನಂತೆ. ಸುದ್ದಿ ತಂದವನು ಗಫಾರ್. ಮಳವಳ್ಳಿ–ಮದ್ದೂರು ಬಸ್ಸಿನ ಡ್ರೈವರ್. ನಾನೂ ಅವನೂ ಒಂದನೇ ಕ್ಲಾಸಿನಿಂದ ಒಂದೇ ಬೆಂಚು. ಹೆಂಡ ಮುಟ್ಟಿದವನಲ್ಲ. ಬಸ್ಸು ನಿಲ್ಲಿಸಿ, ಇದ್ದಿಲು ಮಸಿಯ ಮುಖದಲ್ಲೇ ಡಿಸ್ಪೆನ್ಸರಿ ಕಟಕಟೆ ಹಿಡಿದು ನಿಂತ.

"ಎರಡು ಮೂಟೆ ಒಟ್ಗೆ ಎತ್ತೋನು ಕಣ್ಲಾ ಅವ್ನು. ಇವತ್ತು ಅವನ್ನ ನಾನೊಬ್ನೇ ಎತ್ತಿ ಮಲಗಿಸ್ದೆ. ಹೊಟ್ಟೆ ಒಂದು ಬುಟ್ರೆ ಏನೂ ಇರ್ಲಿಲ್ಲ. ಕೈಯಿ ಕಡ್ಡಿ." ನನ್ನ ಮುಖ ನೋಡಿದ. "ಮುಂದ್ಲ ಸಲ ನಿನ್ನೂ ನಾನೇ ಎತ್ಬೇಕೇನ್ಲಾ ಚೆಲ್ವ?"
"ಎತ್ತೋಕೆ ಆಗದಿದ್ರೆ ಬುಡು" ಅಂದೆ.

ಮಣ್ಣು ಮುಗಿಸಿ ನಾನೂ ಮಾದಯ್ಯನೂ ನೆಟ್ಟಗೆ ಅಂಗಡಿಗೆ. ದೊಡ್ಡಸಿದ್ದಯ್ಯನ ಪಾಲೂ ನಾವೇ ಕುಡಿದೆವು. ಸಾವಿಗೆ ಹೆದರಿ ಬಿಟ್ಟ ಅನ್ನಿಸಿಕೊಳ್ಳಲು ನಾನೇನು ಹೇಡಿಯೆ?

೧೧ ಸೆಪ್ಟೆಂಬರ್. ಮಧ್ಯಾಹ್ನ ೨
ಬೆಳಕವಾಡಿಯ ಬೆಳ್ಳಮ್ಮ. ಅರುವತ್ತು ದಾಟಿದ ಮುದುಕಿ. ನಾಲ್ಕು ವರ್ಷದಿಂದ ಹೊಟ್ಟೆನೋವಿಗೆ ನಮ್ಮದೇ ಮಿಕ್ಸ್ಚರ್. ನಿನ್ನೆ ಬಾಟಲು ತುಂಬಿಸಿಕೊಂಡು ಹೋಗಿದ್ದಳು. ಇವತ್ತು ಬಿಸಿಲಲ್ಲಿ ನಡೆದು ವಾಪಸ್ಸು ಬಂದಳು. ಡಾಕ್ಟರು ವಿಸಿಟ್‌ಗೆ ಹೋಗಿದ್ದರು. ಬಾಟಲು ನನ್ನ ಮುಂದೆ ಇಟ್ಟಳು.

"ಕಾಂಪೌಂಡ್ರೇ, ಇದೇನು ನೀವು ಕೊಟ್ಟಿರಾದು? ನನ್ ಔಸ್ದಿ ಓಮಿನ ವಾಸ್ನೆ ಬತ್ತಿತ್ತು. ಇದು ಮೂಗಿಗೇ ಒಡೀತದೆ."
ಬಿರಡೆ ತೆಗೆದು ಮೂಸಿದೆ. ಸೊಂಟಕ್ಕೆ ಹಚ್ಚುವ ಲಿನಿಮೆಂಟ್. ಹೊಟ್ಟೆಗೆ ಹೋದರೆ ವಿಷ. ಅದರ ಮೇಲೆ ನನ್ನದೇ ಅಕ್ಷರದ ಚೀಟಿ — ದಿನಕ್ಕೆ ಮೂರು ವೇಳೆ.
"ಕುಡಿದ್ರಾ?"
"ಕುಡ್ದಿದ್ರೆ ಇಲ್ಗೆ ನಡ್ಕಂಡು ಬತ್ತಿದ್ನಾ?"
ಬದಲಾಯಿಸಿ ಕೊಟ್ಟೆ. ಅವಳೆದುರೇ ಎರಡು ಸಲ ಮೂಸಿ ನೋಡಿ ಕೊಟ್ಟೆ.
"ಡಾಕ್ಟ್ರಿಗೆ ಏಳಾಕಿಲ್ಲ ಬುಡು. ನಿನ್ ಅನ್ನಕ್ಕೆ ಕಲ್ಲಾಕಿ ನನಗೇನಾಗ್ಬೇಕು. ಆದ್ರೆ ಇದು ಕಣ್ಣು ಕಾಣದವ್ರ ಕೈಗೆ ಓಗಿದ್ರೆ? ಕೂಸಿನ ಕೈಗೆ ಓಗಿದ್ರೆ? ನೀನು ಕುಡ್ಕೊಂಡು ಸಾಯಪ್ಪಾ, ಬ್ಯಾಡ ಅನ್ನಕೆ ನಾನ್ಯಾರು. ನಮ್ಮುನ್ನ ಯಾಕೆ ಜೊತ್ಗೆ ಕರ್ಕಂಡೋಯ್ತೀಯೆ?"
ಸೆರಗಲ್ಲಿ ಬಾಟಲು ಸುತ್ತಿಕೊಂಡು ಹೋದಳು.

ನಿನ್ನೆ ಸ್ಪಿರಿಟ್ ಹಾಕಿಕೊಂಡೇ ತುಂಬಿಸಿದ್ದು. ಕೈ ನಡುಗಿರಲಿಲ್ಲ. ಕೈ ನೆಟ್ಟಗಿತ್ತು. ನೆಟ್ಟಗಿದ್ದ ಕೈಯೇ ವಿಷ ತುಂಬಿತು.

ಅದೇ ದಿನ, ಸಂಜೆ
ಆದರೂ ಹೋದೆ. ಕುಡಿದೆ. ಬರೆದಿಡುತ್ತೇನೆ, ಸುಳ್ಳು ಬೇಡ.

೧೨ ಸೆಪ್ಟೆಂಬರ್. ಬೆಳಿಗ್ಗೆ
ವಾಂತಿ. ಹಳದಿಯಲ್ಲ. ಕಾಫಿ ಗಸಿಯಂತೆ ಕಪ್ಪು. ಕಾಫಿ ಇನ್ನೂ ಕುಡಿದಿರಲಿಲ್ಲ.

ಹಿತ್ತಲ ಕಲ್ಲಿನ ಮೇಲೆ ಕೂತು ಅದನ್ನೇ ನೋಡಿದೆ. ಪಾಠ ಓದಿದವನಿಗೆ ಅದು ರಕ್ತ ಅಂತ ಯಾರೂ ಹೇಳಬೇಕಾಗಿಲ್ಲ. ಹೆದರಿಕೆ ಆಯಿತೆ? ಆಯಿತು. ಅದಕ್ಕಿಂತ ಸಿಟ್ಟು. ಯಾರ ಮೇಲೆ? ಇಷ್ಟು ವರ್ಷ ನನ್ನ ಇಷ್ಟ, ನನ್ನ ಇಷ್ಟ ಅನ್ನುತ್ತಿದ್ದೆ. ಬೆಳಿಗ್ಗೆ ಏಳಕ್ಕೆ ಕುಡಿಯದಿದ್ದರೆ ಪೆನ್ನು ಹಿಡಿಯಲಾಗದವನ ಇಷ್ಟ ಎಂಥದ್ದು? ಗಾಣದೆತ್ತಿಗೂ ಸಂಜೆ ನೊಗ ಇಳಿಸುತ್ತಾರೆ.

ಡಾಕ್ಟರ ಮನೆಗೆ ಹೋಗುತ್ತಿದ್ದೇನೆ. ಲಿನಿಮೆಂಟಿನ ವಿಷಯವನ್ನೂ ಹೇಳುತ್ತೇನೆ. ಕೆಲಸದಿಂದ ತೆಗೆದರೆ ತೆಗೆಯಲಿ.

೨೧ ಸೆಪ್ಟೆಂಬರ್
ಡಿಸ್ಪೆನ್ಸರಿಯ ಹಿಂದಿನ ಕೋಣೆ. ಗೋಡೆಗೆ ಒರಗಿ ಬರೆಯುತ್ತಿದ್ದೇನೆ. ಒಂಬತ್ತು ದಿನ.

ಲಿನಿಮೆಂಟ್ ಅಂದಾಗ ಡಾಕ್ಟರು ಕೂಗಾಡಲಿಲ್ಲ. ಸ್ಪಿರಿಟ್ ಬೀರುವಿಗೆ ಬೀಗ ಹಾಕಿ ಕೀಲಿ ಜೇಬಿಗಿಟ್ಟರು. "ಬೀಗ ಬೇಡ ಸಾರ್, ನನ್ನ ಮಾತು ಸಾಕು" ಅಂದೆ. "ಬೀಗ ಬೇಕು. ಮಾತು ಆಮೇಲೆ ನೋಡೋಣ" ಅಂದರು. ಇಲ್ಲೇ ಮಂಚ ಹಾಕಿಸಿದರು. ನರ ತಣಿಸಿ ನಿದ್ದೆ ಬರಿಸುವ ಬ್ರೋಮೈಡ್ ಮಿಕ್ಸ್ಚರ್. ಅದನ್ನು ಕಲಸುವವನು ನಾನು — ಕುಡಿಯುವವನೂ ನಾನೇ ಆದೆ. ಥೂ, ಎಂಥ ರುಚಿ!

ಮೊದಲ ದಿನ ನೆನಪಿದೆ. ಬೆವರು. ಎರಡನೆಯದು ಅಷ್ಟಿಷ್ಟು. ಆಮೇಲಿನದನ್ನು ಗಫಾರ್ ಹೇಳಿದ. ಗೋಡೆ ತುಂಬ ಕಟ್ಟಿರುವೆ ಅಂತ ಕೂಗಿ ಬರಿಗೈಯಲ್ಲಿ ಉಜ್ಜಿದೆನಂತೆ. ದೊಡ್ಡಸಿದ್ದಯ್ಯ ಬಾಗಿಲಲ್ಲಿ ಮೂಟೆ ಹೊತ್ತು ನಿಂತಿದ್ದಾನೆ, ಇಳಿಸಿಕೊಳ್ಳಿ ಅಂದೆನಂತೆ. ಹೊರಗೆ ಓಡಲು ಹೋದಾಗ ಗಫಾರ್ ಅಡ್ಡ ನಿಂತ. ಅವನ ಮಣಿಕಟ್ಟು ಕಚ್ಚಿದೆನಂತೆ. ಗುರುತು ಇನ್ನೂ ಇದೆ.

ಅವನಿಗೆ ರಂಜಾನ್ ಉಪವಾಸ. ಬಸ್ಸಿಗೆ ರಜೆ ಹಾಕಿ, ಹಗಲೆಲ್ಲ ಒಂದು ಗುಟುಕು ನೀರೂ ಮುಟ್ಟದೆ, ಕುಡಿಯಬೇಕು ಅಂತ ಕಿರುಚುವವನ ಪಕ್ಕ ಕೂತಿದ್ದ.

"ಎಂಗ್ ತಡ್ಕಂಡ್ಯೋ?" ಅಂದೆ.
"ನಂದು ಬುಡ್ಲಾ, ಸಂಜೆಗೆ ಬುಟ್ಬುಡ್ತೀನಿ. ನಿಂದು ಸಂಜೆ ಇಲ್ದಿರೋ ಉಪಾಸ" ಅಂದ.

ಅವನ ತಾಯಿ ರಹಮತ್ ಬೀ ದಿನವೂ ಗಂಜಿ ಕಳಿಸಿದರು. ಅಯ್ಯಂಗಾರ್ರ ಮಗ ಕುಡಿದೆ. ಹೆಂಡಕ್ಕೆ ಹೋಗದ ಜಾತಿ ಗಂಜಿಗೆ ಹೋಗುತ್ತದೆಯೆ?

೪ ಅಕ್ಟೋಬರ್
ಡಾಕ್ಟರು ಮತ್ತೆ ಒತ್ತಿ ನೋಡಿದರು. ಎರಡು ಬೆರಳು. ಅಂಚು ಗಟ್ಟಿ.
"ಪೂರ್ತಿ ಹೋಗುತ್ತಾ ಸಾರ್?"
"ಹೇಳೋಕಾಗಲ್ಲ. ಕೆಟ್ಟಿರೋದು ಕೆಟ್ಟಿದೆ. ಇನ್ನು ಕೆಡದ ಹಾಗೆ ನೋಡ್ಕೋಬಹುದು. ಒಂದು ಲೋಟ ಕೂಡ ಇಲ್ಲ. ಹಬ್ಬಕ್ಕೂ ಇಲ್ಲ, ಸಾವಿಗೂ ಇಲ್ಲ."
ಎರಡು ಬೆರಳು. ಅದು ನನ್ನ ಜೊತೆಗೇ ಇರಲಿ. ಒಳಗೊಬ್ಬ ಸಾಕ್ಷಿ.

ಕೆಲಸ ಉಳಿದಿದೆ. ಒಂದು ಷರತ್ತು — ಬಾಟಲು ತುಂಬಿದಮೇಲೆ ಪ್ರತಿಯೊಂದನ್ನೂ ಡಾಕ್ಟರಿಗೆ ತೋರಿಸಬೇಕು. ಹೊಸ ಕಾಂಪೌಂಡರನಂತೆ. ಜನರ ಮುಂದೆ. ತೋರಿಸುತ್ತೇನೆ. ನಾಚಿಕೆ ಅವರಿಗಾದರೆ ಆಗಲಿ, ನನಗಿಲ್ಲ.

೭ ಅಕ್ಟೋಬರ್
ಗಫಾರನ ಬಸ್ಸಿನಲ್ಲಿ ಮದ್ದೂರಿಗೆ. ದಾರಿಯಲ್ಲಿ ಎರಡು ಸಲ ಇದ್ದಿಲಿನ ಗ್ಯಾಸ್ ಹಿಡಿಯದೆ ನಿಂತಿತು. ಇಳಿದು ನಾನೂ ತಳ್ಳಿದೆ. ತಳ್ಳಲು ಬಲವಿಲ್ಲ, ಆದರೂ.

ಮಾವ ಜಗುಲಿಯಲ್ಲೇ ಕೂರಿಸಿದರು. ಒಳಗೆ ಬಾ ಅನ್ನಲಿಲ್ಲ. ಪಂಕಜ ಬಂದಳು. ಹತ್ತಿರ ಬಂದು, ಕಂಬಕ್ಕೆ ಒರಗಿ, ಮೂಸಿದಳು. ಅಪ್ಪನೆದುರೇ.
"ಎಷ್ಟು ದಿನ?"
"ಇಪ್ಪತ್ತೈದು."
"ಬಿಟ್ಟೇ ಬಿಟ್ರಾ?"
"ಗೊತ್ತಿಲ್ಲ. ಇವತ್ತು ಕುಡಿದಿಲ್ಲ. ಲಿವರ್ ಪೂರ್ತಿ ಸರಿಹೋಗಲ್ಲ ಅಂತಾರೆ. ಅದನ್ನೂ ಹೇಳಿಬಿಡ್ತೀನಿ."
ಕಂಬದ ಸುಣ್ಣ ಉಗುರಲ್ಲಿ ಕೆರೆದಳು.
"ಕರಿಯೋಕೆ ಬಂದ್ರಾ?"
"ಇಲ್ಲ. ನೀನು ಕಾಗದ ಬರಲಿ ಅಂದಿದ್ದೆ. ಕಾಗದದ ಬದಲು ನಾನೇ ಬಂದೆ."
ನಗು ಬಂತು ಅವಳಿಗೆ. ತಡೆದುಕೊಂಡಳು. ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟಳು. ಜೊತೆಗೆ ಬರಲಿಲ್ಲ. ನಾನೂ ಕೇಳಲಿಲ್ಲ.

೧೩ ಅಕ್ಟೋಬರ್
ಪಂಕಜ ಬಂದಳು! ಮಧ್ಯಾಹ್ನದ ಬಸ್ಸು. ಗಫಾರ್ ಟ್ರಂಕು ಇಳಿಸಿ, "ಏನಮ್ಮಾ, ಕಲ್ಲು ತುಂಬ್ಕೊಂಡ್ ಬಂದ್ಯಾ?" ಅಂದ. "ಬೇಕಾದೀತು ಅಣ್ಣ" ಅಂದಳು.

ಅಡುಗೆಮನೆ, ಅಕ್ಕಿ ಡಬ್ಬ, ಅಟ್ಟ, ಹಿತ್ತಲ ಸೌದೆ ರಾಶಿ — ಎಲ್ಲ ಹುಡುಕಿದಳು. ನಾನು ನಡುಮನೆಯಲ್ಲಿ ಕೂತು ನೋಡುತ್ತಿದ್ದೆ. ಸೌದೆ ಕೆಳಗೆ ಒಂದು ಸಿಕ್ಕಿತು. ನಾನೇ ಮರೆತದ್ದು. ಮರೆತಿದ್ದೆ ಅಂತ ಆಣೆ ಇಟ್ಟರೂ ಯಾರೂ ನಂಬದ ಹಾಗೆ ಮುಕ್ಕಾಲು ತುಂಬಿತ್ತು. ಬಚ್ಚಲಿಗೆ ಸುರಿದಳು. ವಾಸನೆ ಬಂತು. ಬಾಯಲ್ಲಿ ನೀರೂ ಬಂತು. ಅದನ್ನೂ ಅವಳಿಗೆ ಹೇಳಿದೆ.

೧೬ ಅಕ್ಟೋಬರ್. ಸಂಜೆ ೬
ಈ ಹೊತ್ತೇ ಕೆಟ್ಟದ್ದು. ಆರರಿಂದ ಏಳು. ಕಾಲು ತಾನೇ ಬೆಳಕವಾಡಿ ರಸ್ತೆಗೆ ತಿರುಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಕ್ಷರ ಪರವಾಗಿಲ್ಲ. ಇವತ್ತು ಒಂದು ಔನ್ಸ್ ಸ್ಪಿರಿಟೂ ಇಲ್ಲದೆ ನಲವತ್ತು ಬಾಟಲು ತುಂಬಿದ ಕೈ ಇದು.

ಬಾಗಿಲ ಹೊರಗೆ ಮಾದಯ್ಯ. ದನಿಯಲ್ಲೇ ಗೊತ್ತಾಗುತ್ತದೆ, ಆಗಲೇ ಹಾಕಿಕೊಂಡಿದ್ದಾನೆ. "ಕಾಂಪೌಂಡ್ರೇ! ಸತ್ರಾ ಬದುಕಿದ್ದೀರಾ? ಒಂದೇ ಒಂದು ಗ್ಲಾಸು ಬನ್ನಿ, ಮೂವರಲ್ಲಿ ಉಳ್ದಿರೋದು ನಾವಿಬ್ರೇಯ!"

ಮತ್ತೆ ಕೂಗುತ್ತಿದ್ದಾನೆ. ಈಗ ದನಿ ಬೇರೆ. ಬಹುಶಃ ಅಳುತ್ತಿದ್ದಾನೆ.

ಒಳಗಿನಿಂದ ಪಂಕಜ, "ನಾನು ಹೋಗಿ ಇಲ್ಲ ಅಂತ ಹೇಳಲಾ?"

ಬೇಡ. ಮನೆಯಲ್ಲೇ ಇದ್ದೇನೆ, ಇಲ್ಲ ಅಂತ ಯಾಕೆ ಹೇಳಬೇಕು? ಅವನ ಕಾಲೂ ಊದಿದೆ, ಮೊನ್ನೆ ನೋಡಿದೆ. ನಾನೇ ಹೋಗುತ್ತೇನೆ. ಹೊಸ್ತಿಲ ಈಚೆಯೇ ನಿಂತು, ಅವನ ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತೇನೆ. ಇಂಕು ಆರುವಷ್ಟರಲ್ಲಿ ವಾಪಸ್ಸು ಬಂದು ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ. ಅವನಿಗೆ ಹೇಳಬೇಕಾದದ್ದು ಒಂದೇ ಮಾತು — ಅಂಗಡಿಗೆ ನಾನು ಬರಲ್ಲ, ಡಾಕ್ಟರ ಹತ್ತಿರ ನೀನು ಬಾ, ಪಕ್ಕದಲ್ಲಿ ನಾನು ಕೂತಿರ್ತೀನಿ.