ಸೋದರಳಿಯ ಕೇಳಿದ ಚೆಂಡು

ಆಲ್ಡರ್ ಫೋರ್ಕ್, ಯೂಟಾ
ನವೆಂಬರ್ ೩, ೧೯೮೭, ಮಂಗಳವಾರ

ಪ್ರೀತಿಯ ಲುಪೆ ಅಕ್ಕಾ,

ನಿನ್ನ ಸೊಂಟನೋವು ಹೇಗಿದೆ? ಚರ್ಚಿನಲ್ಲಿ ಹಾಡುವವರ ಜೊತೆ ಜಗಳ ಮುಗಿಯಿತಾ? ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಅಂತ ಬರೆಯಬೇಕು, ಬರೆದಿದ್ದೇನೆ. ಈಗ ನಿಜ ಕೇಳು.

ಹದಿನೆಂಟಕ್ಕೆ ಟೊಂಗಾ ಬಿಟ್ಟು ಬಂದು ಈ ಕಾಲೇಜಿಗೆ ಅಮೆರಿಕದವರ ಫುಟ್‌ಬಾಲ್, ಅದೇ ಚೆಂಡನ್ನು ಕೈಯಲ್ಲಿ ಎಸೆದು ಹೊತ್ತು ಓಡುವ ಆಟ, ಆಡಿದೆ, ಮಂಡಿ ಹೋದ ಮೇಲೆ ಕೋಚ್ ಆದೆ. ಇಪ್ಪತ್ತು ವರ್ಷದಲ್ಲಿ ಎಂಥೆಂಥ ಧಡಿಯರನ್ನು ಗದರಿಸಿ ಅಳಿಸಿದ್ದೇನೆ. ನಿನ್ನ ಮಗ ಮೊಸೆಸೆ ಎದುರು ನಿಂತರೆ ಮಾತ್ರ ಬಾಯಿ ಬಿದ್ದುಹೋಗುತ್ತದೆ. ನಮ್ಮ ಟೊಂಗಾದ ಪದ್ಧತಿಯಲ್ಲಿ ಸೋದರಳಿಯ ಕೇಳಿದ್ದಕ್ಕೆ ಮಾವ ಇಲ್ಲ ಅನ್ನುವ ಹಾಗಿಲ್ಲವಲ್ಲ! ನಮ್ಮಪ್ಪ ಅತ್ತೆಯ ಮಗನಿಗೆ ಹಂದಿ ಕೊಟ್ಟು, ಕಟ್ಟಲು ಹಗ್ಗವನ್ನೂ ತಾನೇ ಹುಡುಕಿಕೊಟ್ಟಿದ್ದು ನೀನೂ ನೋಡಿದ್ದೀಯ. ಮೊಸೆಸೆ ಬಂದ ವಾರವೇ ನನ್ನ ಹೊಸ ಶೂ ಕೇಳಿದ, ಕೊಟ್ಟೆ. ಟ್ರಕ್ ಕೇಳಿದ, ಕೊಟ್ಟೆ. ಈಗ ನಾನು ಮೈದಾನಕ್ಕೆ ಹೆಂಡತಿಯ ಸೈಕಲ್ಲಿನಲ್ಲಿ ಹೋಗುತ್ತೇನೆ.

ಅಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ನನ್ನ ತಂಡದಲ್ಲಿ ಅವನ ಕೆಲಸ ಗೋಡೆಯ ಹಾಗೆ ನಿಂತು ಎದುರಾಳಿಗಳನ್ನು ತಡೆಯುವುದು. ಅಂಥ ಗೋಡೆ ಈ ರಾಜ್ಯದಲ್ಲೇ ಇಲ್ಲ. ಕಳೆದ ಶನಿವಾರ ಆಟ ಮುಗಿಯಲು ಒಂದೇ ನಿಮಿಷ, ನಾವೇ ಮುಂದಿದ್ದೆವು. ಈ ಪುಣ್ಯಾತ್ಮ ಓಡಿಬಂದು, "ಮಾವ, ಒಂದ್ಸಲ ನಾನೇ ಚೆಂಡು ಎಸೀತೀನಿ, ಕೊಡಿ" ಅಂದ. ಕೊಟ್ಟೆ, ಅಕ್ಕಾ! ಚೆಂಡು ನೇರವಾಗಿ ಎದುರಾಳಿಯ ಕೈಗೆ ಹೋಯಿತು. ಅವನು ಅಷ್ಟುದ್ದ ಮೈದಾನ ಓಡಿ ಗೆಲುವನ್ನೇ ಹೊತ್ತೊಯ್ದ. ಪ್ರಿನ್ಸಿಪಾಲರು ಕರೆಸಿ, "ಯಾಕ್ರೀ ಹೀಗ್ಮಾಡಿದ್ರಿ?" ಅಂದರು. "ಅಕ್ಕನ ಮಗ, ಸಾರ್" ಅಂದೆ. ಅದನ್ನು ಕೇಳಿ ಇನ್ನಷ್ಟು ಕೆಂಪಾದರು. ಉಳಿದಿರುವುದು ಒಂದೇ ಪಂದ್ಯ, ಇನ್ನು ಮೂರು ವಾರಕ್ಕೆ. ಅದನ್ನೂ ಸೋತರೆ ಗಂಟುಮೂಟೆ ಕಟ್ಟು ಅಂದಿದ್ದಾರೆ. ಈ ಕೆಲಸ ಬಿಟ್ಟರೆ ನನಗೆ ಬೇರೇನು ಬರುತ್ತದೆ? ಭಯವಾಗಿದೆ, ಅಕ್ಕಾ.

ನಾನು ಇಲ್ಲ ಅನ್ನಲಾರೆ, ಹೆತ್ತವಳು ನೀನು ಅನ್ನಬಹುದು. "ಮಾವನ ಹತ್ತಿರ ಚೆಂಡು ಕೇಳಬೇಡ" ಅಂತ ಅವನಿಗೆ ತಕ್ಷಣ ಎರಡು ಸಾಲು ಬರಿ. ಶೂ, ಟ್ರಕ್ಕು ಅವನೇ ಇಟ್ಟುಕೊಳ್ಳಲಿ.

ಭಾವನಿಗೂ ಪಾದ್ರಿಗಳಿಗೂ ನನ್ನ ನಮಸ್ಕಾರ. ದೇವರು ನಿನ್ನ ಸೊಂಟವನ್ನು ಕಾಪಾಡಲಿ.

ನಿನ್ನ ತಮ್ಮ,
ಕಿತಿಯೋನೆ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಮೊಸೆಸೆ ಬಂದು, "ಅಮ್ಮನಿಗಾ? ಕೊಡಿ ಮಾವ, ಓದ್ತೀನಿ" ಅಂದ. ಇನ್ನೇನು ಮಾಡಲಿ, ಕೊಟ್ಟೆ. ಓದಿ ಕಾಗದವನ್ನು ಮಡಿಸಿ ನನ್ನ ಕೈಗಿಟ್ಟ. ಆಮೇಲೆ, "ಇನ್ನೊಂದು ಕೇಳ್ತೀನಿ, ಇಲ್ಲ ಅನ್ಬಾರ್ದು" ಅಂದ. ಮನೆಯನ್ನೇ ಕೇಳುತ್ತಾನೆ ಅಂದುಕೊಂಡೆ. "ಇನ್ಮೇಲೆ ನಾನೆಷ್ಟು ಗೋಗರೆದ್ರೂ ಚೆಂಡು ಕೊಡ್ಬೇಡಿ, ಮಾವ" ಅಂದ. ಕೇಳಿದ ಆ ಮಾತನ್ನೂ ಕೊಟ್ಟೆ, ಅಕ್ಕಾ. ನಿನ್ನ ದಮ್ಮಯ್ಯ, ಅವನಿಗೆ ಬಯ್ದು ಬರೆಯಬೇಡ.