ಇಲ್ಲಿಂದ ಕಾಣದವರ ಸೊನ್ನೆ

ಗಣಿಯೂರು, ಹೊರ ಆವರಣ
ಫೆಬ್ರವರಿ ೩೦, ೨೪೧೧

ಕಂಪ್ಯೂಟರಿನ ಕರ್ನಲ್‌ಗೆ ಕೋಡ್ ಬರೆಯುತ್ತಿರುವ ಹಿರಿಯರಿಗೆ ನೀಲಗಂಗಾ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ವರ್ಷದ ಕೊನೆಗೆ ರಜೆಯೆಂದು ಇಟ್ಟುಕೊಂಡಿದ್ದೇವೆ. ನಿಮ್ಮವರು ಫೆಬ್ರವರಿಯೊಂದಕ್ಕೇ ಯಾಕೆ ಅಷ್ಟು ಜಿಪುಣತನ ತೋರಿಸಿದರೋ ತಿಳಿಯದು. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ಮುಂದಿನ ಕಾಲದಿಂದ ಹಿಂದಕ್ಕೆ ಪತ್ರ ಹೇಗೆ ತಲುಪುತ್ತದೆ ಎಂದು ಜೊತೆಯವರು ನಗುತ್ತಿದ್ದಾರೆ. ನಗಲಿ. ಬರೆಯದಿದ್ದರೆ ನನಗೆ ಸಮಾಧಾನವಿಲ್ಲ.

ರಾಯಚೂರು ಸೀಮೆಯ ಒಂದು ಹಳೆಯ ಚಿನ್ನದ ಗಣಿಯೊಳಗೆ ನಮ್ಮ ಊರಿದೆ. ಮೇಲಿನ ಬಿಸಿಲು ತಾಳಲಾರದೆ ಮುತ್ತಜ್ಜಂದಿರು ಇಲ್ಲಿಗೆ ಇಳಿದರು. ಒಂದೊಂದು ಸುರಂಗವೂ ಒಂದೊಂದು ಓಣಿ. ಬೆಳಕನ್ನು ಕನ್ನಡಿಗಳಿಂದ ಕನ್ನಡಿಗಳಿಗೆ ದಾಟಿಸಿ ಒಳಗೆ ತರುತ್ತೇವೆ. ಅದು ನಮ್ಮ ಓಣಿಗೆ ಬರುವಷ್ಟರಲ್ಲಿ ನೀರು ಬೆರೆಸಿದ ಮಜ್ಜಿಗೆಯಂತೆ ತೆಳ್ಳಗಾಗಿರುತ್ತದೆ. ದೀಪದ ಕೆಳಗೆ ಸಜ್ಜೆ ಬೆಳೆಯುತ್ತೇವೆ, ಪುಂಡಿ ಬೆಳೆಯುತ್ತೇವೆ. ಪುಂಡಿಪಲ್ಯದ ರುಚಿ ಮೊದಲಿನಂತೆಯೇ ಇದೆ ಎಂದು ಹಿರಿಯರು ಆಣೆ ಮಾಡಿ ಹೇಳುತ್ತಾರೆ, ಅವರಲ್ಲಿ ಒಬ್ಬರೂ ಮೇಲೆ ಬೆಳೆದದ್ದನ್ನು ತಿಂದವರಲ್ಲ. ಗಾಳಿ ಊದುವುದು, ನೀರೆತ್ತುವುದು, ದೀಪ ಉರಿಸುವುದು, ಎಲ್ಲವನ್ನೂ ಒಂದೇ ದೊಡ್ಡ ಯಂತ್ರ ನಡೆಸುತ್ತದೆ. ಅದರ ಒಡಲಲ್ಲಿದ್ದು ಎಲ್ಲ ಕೆಲಸಗಳನ್ನೂ ಹಂಚಿ ನಡೆಸುವುದು ನೀವು ಬರೆದ ಕರ್ನಲ್. ಅದರ ಮೇಲೆ ತೇಪೆ ಹಾಕಿದವರು ಬಹಳ, ಕಿತ್ತು ಹೊಸದು ಕೂರಿಸುವ ಧೈರ್ಯ ಮಾತ್ರ ಯಾರಿಗೂ ಬಂದಿಲ್ಲ.

ನೀವು ಪ್ರೊಸೆಸ್ ಎನ್ನುವುದನ್ನು, ಅಂದರೆ ಯಂತ್ರದೊಳಗೆ ನಡೆಯುವ ಒಂದೊಂದು ಕೆಲಸವನ್ನು, ನಾವು ಆಳು ಎನ್ನುತ್ತೇವೆ. ಗಾಳಿಗೊಬ್ಬ ಆಳು, ನೀರಿಗೊಬ್ಬ ಆಳು; ಪ್ರತಿಯೊಬ್ಬನಿಗೂ ಒಂದು ಸಂಖ್ಯೆ. ನೀವು ಒಂದರಿಂದ ಒಂದನ್ನು ಬೇರ್ಪಡಿಸಿಟ್ಟ ನೇಮ್‌ಸ್ಪೇಸ್‌ಗಳು ನಮಗೆ ಆವರಣಗಳು. ಆವರಣದ ಒಳಗಿದ್ದವರಿಗೆ ಅಲ್ಲಿನ ಆಳುಗಳಷ್ಟೇ ಕಾಣುತ್ತಾರೆ. ಹೊರ ಆವರಣದಲ್ಲಿ ಕೂತ ನನ್ನಂಥವರಿಗೆ ಎಲ್ಲರೂ ಕಾಣುತ್ತಾರೆ, ಆದರೆ ಬೇರೆ ಸಂಖ್ಯೆಗಳಲ್ಲಿ. ಒಬ್ಬಳೇ ಹೆಂಗಸು ತವರಿನಲ್ಲಿ ಮಗಳು, ಗಂಡನ ಮನೆಯಲ್ಲಿ ಸೊಸೆ ಅನ್ನಿಸಿಕೊಳ್ಳುವುದಿಲ್ಲವೇ, ಹಾಗೆ. ಯಾವ ಆವರಣದ ಯಾವ ಸಂಖ್ಯೆ ಇನ್ನೊಂದು ಕಡೆ ಏನಾಗುತ್ತದೆ ಎಂದು ಹೇಳುವುದು ನನ್ನ ಉದ್ಯೋಗ. ನನ್ನನ್ನು ಸಂಖ್ಯೆಗಳ ದುಭಾಷಿ ಎಂದು ಕರೆಯುತ್ತಾರೆ. ಊರಿನಲ್ಲಿ ಇದಕ್ಕೆ ದೊಡ್ಡ ಗೌರವವೇನೂ ಇಲ್ಲ. ಮದುವೆ ಮಾತುಕತೆಯಲ್ಲಿ ಮಾತ್ರ ಸ್ವಲ್ಪ ಎತ್ತಿ ಹೇಳುತ್ತಾರೆ.

ಮೊದಲು ಜನ ವಾಸಿಸುವ ಓಣಿಗಳಿಗೆಲ್ಲ ಒಂದೇ ಆವರಣವಿತ್ತು. ಕಾಯಿಲೆ ಬಿದ್ದವರಿಗೆ ಉಸಿರು ಊದಲು ಒಬ್ಬ ಆಳನ್ನು ಕೊಡುತ್ತಿದ್ದರು. ಆ ಆಳಿನ ಪಾಲಿನ ವಿದ್ಯುತ್ತು ಮನೆಯವರ ಸುಪರ್ದಿನಲ್ಲಿರುತ್ತಿತ್ತು. ಮನೆಯವರು ಆಗಾಗ ಯಂತ್ರವನ್ನು ಕೇಳುತ್ತಿದ್ದರು: ನಮ್ಮ ಆಳು ಇದ್ದಾನೆಯೇ? ಇದ್ದರೆ ಸಂಖ್ಯೆ ಬರುತ್ತಿತ್ತು. ಕಾಯಿಲೆಯವರು ತೀರಿಕೊಂಡು ಆಳನ್ನು ನಿಲ್ಲಿಸಿದ್ದರೆ ಸೊನ್ನೆ ಬರುತ್ತಿತ್ತು. ಸೊನ್ನೆ ಬಂದ ದಿನವೇ ಮನೆಯ ಇಬ್ಬರು ಹೆಬ್ಬೆಟ್ಟು ಒತ್ತಿ ಆ ಪಾಲನ್ನು ಸರದಿಯಲ್ಲಿರುವ ಇನ್ನೊಬ್ಬ ರೋಗಿಗೆ ಬಿಟ್ಟುಕೊಡುವುದು ನಮ್ಮ ಪದ್ಧತಿ. ಅದಕ್ಕೆ ಉಸಿರುದಾನ ಎನ್ನುತ್ತೇವೆ. ದುಃಖದಲ್ಲೂ ತಡಮಾಡದೆ ಕೊಟ್ಟ ಮನೆತನವನ್ನು ಊರು ಬಹಳ ದಿನ ನೆನೆಯುತ್ತದೆ.

ಹೋದ ವರ್ಷ ಜ್ವರ ಬಂತು. ಜ್ವರದವರನ್ನೆಲ್ಲ ಔಷಧದ ಓಣಿಗೆ ಸೇರಿಸಿ ಬಾಗಿಲು ಮುಚ್ಚಿದರು. ಒಳಗೆ ಆರೈಕೆ ಮಾಡುವುದೂ ಯಂತ್ರದ ಕೈಗಳೇ. ಬಾಗಿಲು ಮುಚ್ಚಿದಂತೆಯೇ ಕರ್ನಲ್ಲಿನೊಳಗೂ ಆ ಓಣಿಯನ್ನು ಉಳಿದ ಓಣಿಗಳಿಂದ ಬೇರ್ಪಡಿಸಿ ಪ್ರತ್ಯೇಕ ಆವರಣ ಮಾಡಿದರು. ನನ್ನ ಅವ್ವ ಹಂಪಮ್ಮನನ್ನೂ ಒಯ್ದರು. ಹೊರ ಆವರಣದಲ್ಲಿ ಕೆಲಸಕ್ಕೆ ಕೂತಿದ್ದ ನನಗೆ ಮೂರನೆಯ ದಿನ ಅಮರಪ್ಪ ಕಾಕಾ, ಅಂದರೆ ಅಪ್ಪನ ತಮ್ಮ, ಮನೆಯಿಂದ ಫೋನು ಮಾಡಿದರು.

"ನೀಲಾ, ಸೊನ್ನಿ ಬಂದೈತಿ ನೋಡವ್ವ. ಅತ್ತಿಗಿ ಹೋದ್ಲು. ಸರದ್ಯಾಗ ಯಾರದೋ ಕೂಸು ಕಾಯಾಕತ್ತೈತಿ, ನಾವು ಕರೆಂಟ್ ಹಿಡಕೊಂಡು ಕುಂದ್ರೋದು ಚಲೋ ಅಲ್ಲ. ನಾ ಹೆಬ್ಬಟ್ಟು ಒತ್ತತೀನಿ, ನೀನೂ ಒತ್ತಿಬಿಡು."

ಅಳುತ್ತಲೇ ಹೆಬ್ಬೆಟ್ಟು ಮುಂದೆ ಚಾಚಿದೆ. ಒತ್ತುವ ಮೊದಲು, ದುಭಾಷಿಯ ಚಾಳಿಯಿಂದಲೋ ಅವ್ವನನ್ನು ಕಡೆಯ ಸಲ ಹುಡುಕಬೇಕು ಅನ್ನಿಸಿಯೋ, ಅವ್ವನ ಆಳನ್ನು ನಾನಿದ್ದ ಹೊರ ಆವರಣದಿಂದ ಕೇಳಿದೆ. ಸೊನ್ನೆ ಬರಲಿಲ್ಲ. ಉದ್ದನೆಯ ಒಂದು ಸಂಖ್ಯೆ ಬಂತು. ಔಷಧದ ಓಣಿಯ ಒಳಗೆ ಅದು ಎಷ್ಟು ಎಂದು ಅನುವಾದಿಸಿ ಕೇಳಿದೆ. ಏಳು ಎಂದಿತು. ಏಳನೆಯ ಆಳು ಅವ್ವನಿಗೆ ಉಸಿರು ಊದುತ್ತಲೇ ಇದ್ದ. ನಾವಿಬ್ಬರೂ ಒತ್ತಿದ್ದರೆ ಅವನ ವಿದ್ಯುತ್ತು ಕಡಿದು ಅವ್ವನ ಉಸಿರೂ ನಿಲ್ಲುತ್ತಿತ್ತು.

"ಒತ್ತಬ್ಯಾಡ್ರಿ ಕಾಕಾ! ಅವ್ವ ಅದಾಳ!" ಎಂದು ಕಿರುಚಿದೆ. ಅಕ್ಕಪಕ್ಕದ ಮೇಜಿನವರೆಲ್ಲ ಎದ್ದು ನಿಂತರು.

ಆದದ್ದು ಇಷ್ಟೆ. ನಮ್ಮ ಓಣಿಯಿಂದ ಔಷಧದ ಓಣಿಯ ಆಳು ಕಾಣುವುದಿಲ್ಲ. ಕಾಣದವನಿಗೆ ನಮ್ಮ ಕಡೆ ಸಂಖ್ಯೆಯೇ ಇಲ್ಲ, ಆದ್ದರಿಂದ ಕರ್ನಲ್ ಸೊನ್ನೆ ಎಂದಿತು. ಅದು ಹೇಳಿದ್ದರಲ್ಲಿ ಸುಳ್ಳಿಲ್ಲ. ಇಲ್ಲಿಂದ ಕಾಣದು ಎನ್ನುವುದಕ್ಕೂ ಇಲ್ಲವೇ ಇಲ್ಲ ಎನ್ನುವುದಕ್ಕೂ ಅದರ ಬಾಯಲ್ಲಿ ಒಂದೇ ಉತ್ತರ, ಅಷ್ಟೆ. ಮೂರು ತಲೆಮಾರು ಸೊನ್ನೆಯನ್ನು ಸಾವೆಂದೇ ಓದಿಕೊಂಡು ಬಂದ ನಾವು ಗೋಡೆ ಎದ್ದ ಮೇಲೂ ಹಾಗೆಯೇ ಓದಿದೆವು. ಅಂದೇ ಊರಿಗೆಲ್ಲ ಸಾರಿಸಿ ಉಸಿರುದಾನ ನಿಲ್ಲಿಸಿದೆವು.

ಬಾಗಿಲು ತೆರೆದಾಗ ಅವ್ವ ಬಡಕಲಾಗಿ, ಒಳಗಿನ ಗಂಜಿಯನ್ನು ಬೈಯುತ್ತಾ ಹೊರಗೆ ಬಂದಳು. ಅವಳ ಬೈಗುಳ ಕೇಳಿ ಅಷ್ಟು ಸಂತೋಷಪಟ್ಟದ್ದು ನನಗೆ ಅದೇ ಮೊದಲು. ಕಾಕಾ ನೋಡಲು ಬಂದರು. ಅತ್ತಿಗೆಯ ಕೈ ಹಿಡಿದು ಕೂತರು, ರೊಟ್ಟಿ ತಿಂದರು, ಕೈ ತೊಳೆದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀಲಾ, ಹಂಗಾರ ನಮ್ಮ ಈರಮ್ಮಗ ಬಂದ ಸೊನ್ನಿ ಯಾವುದಿತ್ತವ್ವ?"

ಈರಮ್ಮ ಚಿಗವ್ವ ಕಾಕಾನ ಹೆಂಡತಿ. ಜ್ವರದ ಮೊದಲ ದಿನವೇ ಅವರನ್ನು ಒಯ್ದಿದ್ದರು. ಮರುದಿನ ಸೊನ್ನೆ ಬಂದಿತ್ತು. ಕಾಕಾ, ಅವರ ಮಗಳು ಇಬ್ಬರೂ ಆಗಲೇ ಹೆಬ್ಬೆಟ್ಟು ಒತ್ತಿದ್ದರು. ಊರು ಅವರನ್ನು ಹೊಗಳಿತ್ತು, ನಾನೂ ಹೊಗಳಿದ್ದೆ. ಈಗ ಹುಡುಕಿದರೆ ಚಿಗವ್ವನ ಆಳಿನ ಸಂಖ್ಯೆಯನ್ನು ಕರ್ನಲ್ ಎಂದೋ ನೀರೆತ್ತುವ ಒಬ್ಬ ಆಳಿಗೆ ಕೊಟ್ಟುಬಿಟ್ಟಿದೆ. ಆ ದಿನ ಬಂದ ಸೊನ್ನೆ ಯಾವ ಸೊನ್ನೆ ಎಂದು ತಿಳಿಯಲು ದಾರಿಯೇ ಉಳಿದಿಲ್ಲ. ಸಾವಿನದೇ ಆಗಿರಬಹುದು. ಅಲ್ಲದಿರಲೂಬಹುದು.

ನಿಮ್ಮನ್ನು ದೂರಲು ಬರೆದದ್ದಲ್ಲ. ನೀವು ಕೆಲಸ ಮಾಡುವಾಗ ನಾವು ಯಾರೂ ನಿಮ್ಮ ಕಣ್ಣಿಗೆ ಕಾಣುತ್ತಿರಲಿಲ್ಲ. ಒಂದೇ ಬೇಡಿಕೆ. ಕೈಲಾದರೆ, ಹೋದವರಿಗೆ ಒಂದು ಉತ್ತರ ಕೊಡಿ, ಕಾಣದವರಿಗೆ ಇನ್ನೊಂದು ಕೊಡಿ. ನಾಲ್ಕು ಸಾಲು ಹೆಚ್ಚು ಬರೆಯಬೇಕಾದೀತು, ಬೇಸರಪಡಬೇಡಿ.

ಕಾಕಾ ದಿನಾ ಸಂಜೆ ನನ್ನ ಮೇಜಿನ ಹತ್ತಿರ ಬಂದು ಕೂರುತ್ತಾರೆ. ಆ ಪ್ರಶ್ನೆಯನ್ನು ಮತ್ತೆ ಕೇಳಿಲ್ಲ. ಹೋಗುವಾಗ ಒಂದು ಸಲ ನನ್ನ ಮುಖ ನೋಡುತ್ತಾರೆ, ನಾನು ತಲೆ ತಗ್ಗಿಸುತ್ತೇನೆ.

ಇಂತಿ ನಿಮ್ಮ ಮುಂದಿನವಳು,
ನೀಲಗಂಗಾ